ಐಗಳ ಕೋವಿ

“ಎಂತದೇ ಅದು, ಮೇಲಿನ ಮನೆಯವಳಿಗೆ ಕಾಲು ಪೆಟ್ಟಾಗಿದೆಯಾ? ಎರಡೂ ಕೈಯಲ್ಲಿ ಕೋಲು ಹಿಡ್ಕೊಂಡು ಓಡ್ತಾ ಇದ್ದಾಳಲ್ಲ!”

ಬೆಳ್ತಂಗಡಿಯಿಂದ ವಿಸಿಟ್ ವೀಸಾದಲ್ಲಿ ಒಮಾನಿನ ಸೀಬ್‌ಗೆ, ನನ್ನ ಮನೆಗೆ, ಬಂದ ಅಮ್ಮ ಮರುದಿನ ಬೆಳಿಗ್ಗೆಯೇ ಬಾಲ್ಕನಿಯಿಂದ ಕೂಗಿದರು. ಕೆಳಗೆ ಬಿಲ್ಡಿಂಗಿನ ಹಿಂದಿನ ಖಾಲಿ ರಸ್ತೆಯಲ್ಲಿ ಐಗುಲ್ ಚಕ್ರದ ಸ್ಕೀ ಕಟ್ಟಿಕೊಂಡು, ಕೋಲು ಊರಿ ಊರಿ ಜಾರುತ್ತಿದ್ದಳು. (ಅಷ್ಟು ಹೊತ್ತಿಗೇ ಬಿಸಿಲು ಹೇಗಿತ್ತೆಂದು ಒಮಾನಿನವರಿಗೆ ನಾನು ಹೇಳಬೇಕೇ?)

ಐಗುಲ್ ಕಜಕಸ್ತಾನದವಳು. ಗಂಡನ ಕೆಲಸದ ಹಿಂದೆ ಬಂದು ಈಗ ಇಲ್ಲಿನ ಜಿಮ್ಮಿನಲ್ಲಿ ಕೋಚ್. ಮೊದಲು ಅವಳು ತನ್ನ ದೇಶದ ಬಯಾತ್ಲೀಟ್. ಅಂದರೆ ಬೆನ್ನಿಗೆ ರೈಫಲ್ ಹಾಕಿಕೊಂಡು ಹಿಮದ ಮೇಲೆ ಜಾರುವುದು, ನಡುನಡುವೆ ನಿಂತು ಗುರಿಗೆ ಗುಂಡು ಹೊಡೆಯುವುದು. ಗುರಿ ತಪ್ಪಿದರೆ ಶಿಕ್ಷೆಯಾಗಿ ಒಂದು ಸುತ್ತು ಹೆಚ್ಚು ಓಡುವುದು.

ಇಷ್ಟೆಲ್ಲ ವಿವರಿಸಿದ್ದಕ್ಕೆ ಅಮ್ಮ ಕೇಳಿದ್ದು ಒಂದೇ: “ಹಂದಿಗಾ?”

ನಗಬೇಡಿ. ನಮ್ಮೂರಲ್ಲಿ ಕೋವಿ ಇರುವುದೇ ಗದ್ದೆಗೆ ನುಗ್ಗುವ ಹಂದಿಗೆ. ಅಪ್ಪನ ಹತ್ತಿರವೂ ಒಂದಿತ್ತು. ಭಾನುವಾರ ಜಗಲಿಯಲ್ಲಿ ಕೂತು ಅದಕ್ಕೆ ಎಣ್ಣೆ ಹಾಕಿ ಒರೆಸುತ್ತಿದ್ದರು. ಆ ವಾಸನೆ ಈಗಲೂ ನನ್ನ ಮೂಗಿನಲ್ಲಿದೆ. ಅದರಿಂದ ಹಂದಿ ಸತ್ತದ್ದನ್ನು ನಾನಂತೂ ನೋಡಿಲ್ಲ. ಶಬ್ದಕ್ಕೆ ಓಡಿಹೋಗುತ್ತಿದ್ದವು, ಅಷ್ಟೆ.

ಸಂಜೆ ಐಗುಲ್ ಚಹಾಕ್ಕೆ ಬಂದಳು. ಅಮ್ಮನ ಬಾಯಲ್ಲಿ ಅವಳು ಆಗಲೇ ‘ಐಗಳು’. (ನಮ್ಮ ಕಡೆ ಹಳೆಯ ಕಾಲದ ಮೇಷ್ಟ್ರಿಗೆ ಹಾಗನ್ನುತ್ತಿದ್ದರು. ಕಲಿಸುವವಳೇ ತಾನೆ, ಇರಲಿ.) ಗೋಳಿಬಜೆ ತಿನ್ನುತ್ತಾ ಮೊಬೈಲಿನಲ್ಲಿ ಹಳೆಯ ವಿಡಿಯೊ ತೋರಿಸಿದಳು. ಬಿಳಿ ಬೆಟ್ಟ, ಕೆಂಪು ಕೆನ್ನೆಯ ಹುಡುಗಿ. ಶಾಲೆಗೂ ಸ್ಕೀ ಮೇಲೆಯೇ ಹೋದವಳಂತೆ. ಹದಿಹರೆಯದಲ್ಲಿ ಕೈಗೆ ರೈಫಲ್ ಬಂತು. ಆಮೇಲೆ ದೇಶದ ತಂಡ, ಊರೂರು ತಿರುಗಾಟ, ರಿಲೇಯಲ್ಲೊಂದು ಪದಕ. ಕೊನೆಗೆ ಮಂಡಿ ಕೈಕೊಟ್ಟಿತು.

ಓಡಿ ಬಂದಾಗ ಎದೆ ಢವಢವ ಅನ್ನುತ್ತಿರುತ್ತದೆ, ಎರಡು ಬಡಿತದ ನಡುವೆ ಉಸಿರು ಹಿಡಿದು ರೈಫಲ್ಲಿನ ಕುದುರೆ ಎಳೆಯಬೇಕು ಎಂದಳು ಇಂಗ್ಲಿಷಿನಲ್ಲಿ. ನಾನು ಕನ್ನಡ ಮಾಡಿದೆ.

“ನಿನ್ನ ಅಪ್ಪ ಗುರಿ ಇಡುವಾಗ ಒಳಗೆ ನಾನೂ ಉಸಿರು ಹಿಡೀತಿದ್ದೆ,” ಅಂದರು ಅಮ್ಮ. ನನಗೆ ಇದು ಗೊತ್ತೇ ಇರಲಿಲ್ಲ. “ಅವಳ ಕೋವಿ ಈಗ ಎಲ್ಲುಂಟು, ಕೇಳು.”

ಕೇಳಿದೆ. ಅದು ತಂಡದ್ದಂತೆ. ಮರದ ಹಿಡಿಯನ್ನು ಮಾತ್ರ ಇವಳ ಕೆನ್ನೆಗೆ ಸರಿಯಾಗಿ ಕೆತ್ತಿದ್ದರಂತೆ. ಆಟ ಬಿಟ್ಟ ದಿನ ಒರೆಸಿ, ಕೊಟ್ಟು ಬಂದಳಂತೆ.

“ಖಲಾಸ್,” ಎಂದಳು. ಬಲಗೈ ತಾನಾಗಿ ಕೆನ್ನೆಗೆ ಹೋಯಿತು.

ಅಮ್ಮನಿಗೆ ಥಟ್ಟನೆ ಅರ್ಥವಾಯಿತು. (ತಪ್ಪಾಗಿ.) “ಓ, ಇವರಲ್ಲಿಯೂ ಎಲೆಕ್ಷನಾ?”

ನಮ್ಮಲ್ಲಿ ಚುನಾವಣೆ ಬಂತೆಂದರೆ ಲೈಸೆನ್ಸ್ ಕೋವಿಗಳನ್ನು ಪೊಲೀಸ್ ಠಾಣೆಗೆ ಜಮಾ ಮಾಡಬೇಕು. ಮುಗಿದ ಮೇಲೆ ವಾಪಸ್. ಅಪ್ಪ ಕಡೆಯ ಸಲ ಜಮಾ ಮಾಡಿದವರು, ಮತದಾನಕ್ಕೆ ಮೊದಲೇ ತೀರಿಕೊಂಡರು. ಲೈಸೆನ್ಸ್ ಅವರ ಹೆಸರಿನಲ್ಲಿತ್ತು. ಕೋವಿ ಅಲ್ಲೇ ಉಳಿಯಿತು. ಅದನ್ನು ತೂಗುಹಾಕುತ್ತಿದ್ದ ಮೊಳೆಯನ್ನು ಗೋಡೆಯಿಂದ ಕೀಳಲು ಅಮ್ಮ ಇವತ್ತಿಗೂ ಬಿಟ್ಟಿಲ್ಲ.

“ಎಲೆಕ್ಷನ್ ಮುಗಿದ ಕೂಡಲೇ ಹೋಗಿ ತರ್ಲಿಕ್ಕೆ ಹೇಳು ಅವಳಿಗೆ. ತಡ ಮಾಡಿದ್ರೆ ಕೊಡುದಿಲ್ಲ ಮಾರಾಯ್ತಿ!”

ಇದನ್ನು ಇಂಗ್ಲಿಷಿಗೆ ತರುವುದು ಹೇಗೆ? ಅಪ್ಪನ ಕೋವಿಯ ಕಥೆಯನ್ನೂ ಸೇರಿಸಿ ಹೇಗೋ ತಂದೆ. ಐಗುಲ್ ಮೊದಲು ನಕ್ಕಳು. ಆಮೇಲೆ ಅಮ್ಮನ ಕೈ ಹಿಡಿದುಕೊಂಡು ಅತ್ತಳು. ಅಮ್ಮನೂ ಅತ್ತರು. ನಾನು ಗೋಳಿಬಜೆ ತರುವ ನೆಪದಲ್ಲಿ ಅಡುಗೆಮನೆಗೆ ಹೋದೆ.

ಗಲ್ಫಿಗೆ ಬಂದ ನಾವೆಲ್ಲ ಊರಲ್ಲಿ ಏನಾದರೊಂದನ್ನು ಜಮಾ ಮಾಡಿಯೇ ಬಂದವರು. ಹೇಳಿ, ನಮ್ಮ ಎಲೆಕ್ಷನ್ ಮುಗಿಯುವುದು ಯಾವಾಗ?