ಒಂಬತ್ತು ಕಡೆ ಹಾಕಿದ ಸಹಿ

ಬೀದಿಯವರೆಲ್ಲ ಕುರ್ಚಿ ಅಕ್ಕ ಎಂದು ಕರೆಯುವ ಹೆಂಗಸು ನಾಲ್ಕು ಕಡೆ ವಿಚಾರಿಸದೆ ಒಂದು ಗುಂಡುಸೂಜಿಯನ್ನೂ ಕೊಂಡವಳಲ್ಲ. ಹತ್ತೊಂಬತ್ತು ವರ್ಷದಿಂದ ಒಂದೇ ಬಾಡಿಗೆ ಅಂಗಡಿಯಲ್ಲಿ ಕೂತು ಹಳೇ ಸೋಫಾಗಳ ಹೊಟ್ಟೆ ಬಗೆದು, ಸ್ಪ್ರಿಂಗ್ ಬದಲಿಸಿ, ಹೊಸ ಬಟ್ಟೆ ತೊಡಿಸಿ ಕಳಿಸುವುದು ಅವಳ ಕೆಲಸ. ಸ್ಪಂಜು ಬೇಕೆಂದರೆ ಏಳು ಅಂಗಡಿ ಹತ್ತಿ ಇಳಿಯುತ್ತಾಳೆ. ಏಳನೆಯವನ ರೇಟನ್ನು ಮೊದಲನೆಯವನಿಗೆ ಹೇಳಿ, ಅವನು ಇಳಿಸಿದ್ದನ್ನು ಮೂರನೆಯವನ ಮುಂದಿಟ್ಟು, ಕೊನೆಗೆ ನಾಲ್ಕನೆಯವನ ಹತ್ತಿರ ಕೊಳ್ಳುತ್ತಾಳೆ. ಅವಳು ಬೀದಿಯ ತುದಿಯಲ್ಲಿ ಕಂಡರೆ ಸಾಕು, ಸ್ಪಂಜಿನ ಅಂಗಡಿಯವರಿಗೆ ಎಲ್ಲಿಲ್ಲದ ಕೆಲಸ ನೆನಪಾಗುತ್ತಿತ್ತು. "ಕೇಳೋದಕ್ಕೇನು ದುಡ್ಡು ಕೊಡ್ಬೇಕಾ?" ಎಂದು ಅವಳು ನಗುತ್ತಿದ್ದಳು. ಹೌದಲ್ಲ ಮತ್ತೆ! ಕೇಳಿದ್ದಕ್ಕೆ ಯಾರಾದರೂ ದಂಡ ಕಟ್ಟಿದ್ದುಂಟೆ?

ಒಂದು ದಿನ ಅಂಗಡಿಯ ಮಾಲೀಕರು ಮೆಟ್ಟಿಲಿಳಿದು ಬಂದರು. ಅವರ ಮನೆ ಅಂಗಡಿಯ ಮೇಲೇ, ಎರಡನೇ ಮಹಡಿಯಲ್ಲಿ. ಮೊಣಕಾಲು ಹಿಡಿದುಕೊಂಡು, ಅಕ್ಕ ಆಗಷ್ಟೇ ಮುಗಿಸಿದ ಕುರ್ಚಿಯಲ್ಲೇ ಕೂತು ಮಾತು ತೆಗೆದರು.

"ನೋಡಮ್ಮಾ, ಈ ಮೆಟ್ಟಿಲು ಇನ್ನು ನನ್ನ ಕೈಲಾಗಲ್ಲ. ನೆಲಮಹಡಿಯಲ್ಲಿ ಒಂದು ಮನೆ ಗೊತ್ತು ಮಾಡಿದೀನಿ, ಕಟ್ಟಿ ಮುಗಿಸೋಕೆ ಇನ್ನೂ ಒಂಬತ್ತು ತಿಂಗಳು. ಆಗ ಕೊನೇ ದುಡ್ಡು ಕಟ್ಬೇಕು. ಅದಕ್ಕೆ ಈ ಅಂಗಡಿ ಮಾರ್ತೀನಿ. ಪಕ್ಕದ ಮೊಬೈಲ್ ಅಂಗಡಿಯವನು ನಗದು ಹಿಡ್ಕೊಂಡು ಕೂತಿದಾನೆ. ಆದ್ರೂ ಮೊದಲು ನಿನ್ನ ಕೇಳ್ತಿದೀನಿ."

"ನಾನೇ ತಗೋತೀನಿ" ಎಂದುಬಿಟ್ಟಳು ಅಕ್ಕ. ಹಿಂದೆ ಮುಂದೆ ನೋಡಲಿಲ್ಲ. ತಂಗಿಯನ್ನು ನರ್ಸಿಂಗ್ ಓದಿಸಿದ್ದು ಇದೇ ಅಂಗಡಿ, ಅಮ್ಮನ ಆಸ್ಪತ್ರೆ ಖರ್ಚು ತೂಗಿಸಿದ್ದು ಇದೇ ಅಂಗಡಿ. ಇದು ಕೈಬಿಟ್ಟರೆ ನಲವತ್ತೇಳನೇ ವಯಸ್ಸಿನಲ್ಲಿ ಸುತ್ತಿಗೆ ಹಿಡಿದು ಮನೆಮನೆ ಬಾಗಿಲು ತಟ್ಟಬೇಕು. ಅರ್ಧ ದುಡ್ಡು ಉಳಿತಾಯದಲ್ಲಿತ್ತು, ಉಳಿದರ್ಧಕ್ಕೆ ಸಾಲ ಬೇಕಿತ್ತು.

ಸಾಲವನ್ನೂ ಅವಳು ಸ್ಪಂಜು ಕೊಳ್ಳುವ ಹಾಗೆಯೇ ಕೊಳ್ಳಲು ಹೊರಟಳು. ಮೊದಲನೇ ಕಡೆ ಕಂಪ್ಯೂಟರ್ ನೋಡಿ, "ನಿಮ್ಮ ಕ್ರೆಡಿಟ್ ಸ್ಕೋರ್, ಅಂದ್ರೆ ಸಾಲ ತೀರಿಸೋ ನಂಬಿಕೆಗೆ ಕೊಡೋ ಅಂಕ, ಒಂಬೈನೂರಕ್ಕೆ ಏಳುನೂರ ಅರವತ್ತೆಂಟು, ತುಂಬಾ ಚೆನ್ನಾಗಿದೆ" ಎಂದರು. ಇರದೆ ಏನು! ಹೊಲಿಗೆ ಮಷಿನ್ನಿನ ಸಾಲದ ಕಂತನ್ನು ಅವಳು ಒಂದು ದಿನವೂ ತಡಮಾಡಿದವಳಲ್ಲ. ಅಷ್ಟಕ್ಕೇ ಉಬ್ಬಿಹೋದಳು. ಇಷ್ಟು ಒಳ್ಳೇ ಗಿರಾಕಿಗೆ ಇನ್ನೂ ಕಡಿಮೆ ಬಡ್ಡಿಗೆ ಕೊಡುವವರು ಸಿಕ್ಕೇ ಸಿಗುತ್ತಾರೆ ಎಂದು ಕಾಲಿಗೆ ಚಕ್ರ ಕಟ್ಟಿಕೊಂಡು ತಿರುಗಿದಳು. ಹೋದ ಕಡೆಯಲ್ಲೆಲ್ಲ, "ನಿಮಗೆ ಎಷ್ಟು ಬಡ್ಡಿ ಬೀಳುತ್ತೆ ಹೇಳ್ಬೇಕಾದ್ರೆ ಇಲ್ಲೊಂದು ಸೈನ್ ಮಾಡಿ" ಎನ್ನುತ್ತಿದ್ದರು. ಸೈನ್ ತಾನೇ, ಸರಸರನೆ ಗೀಚಿದಳು. ಒಬ್ಬರ ಹತ್ತಿರ ವ್ಯಾಪಾರದ ಸಾಲ, ಇನ್ನೊಬ್ಬರ ಹತ್ತಿರ ಕಟ್ಟಡದ ಸಾಲ, ಮತ್ತೊಬ್ಬರ ಹತ್ತಿರ ಕೈಸಾಲದಂಥ ಏನೋ ಒಂದು. ಎರಡು ತಿಂಗಳಲ್ಲಿ ಒಂಬತ್ತು ಕಡೆ.

ಹತ್ತನೆಯದು ದೊಡ್ಡ ರಸ್ತೆಯ ಬ್ಯಾಂಕು. ಅಲ್ಲಿಯ ಬಡ್ಡಿ ಎಲ್ಲರಿಗಿಂತ ಕಡಿಮೆ ಎಂದು ಕೇಳಿದ್ದಳು. ಒಂಬತ್ತು ರೇಟನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು, ಇನ್ನೇನು ಗೆದ್ದೆ ಎಂಬ ಠೀವಿಯಲ್ಲಿ ಸಾಲದ ಅಧಿಕಾರಿಯ ಎದುರು ಕೂತಳು. ಆತ ಕನ್ನಡಕ ಹಣೆಗೇರಿಸಿಕೊಂಡ, ನಿಧಾನದ ಮನುಷ್ಯ. ಪರದೆಯನ್ನೇ ಬಹಳ ಹೊತ್ತು ನೋಡಿದ.

"ಅಮ್ಮಾ, ಒಂಬತ್ತು ಕಡೆ ಸಾಲ ಕೇಳಿದೀರಲ್ಲ?"

"ಸಾಲ ಕೇಳಿಲ್ಲ ಸಾರ್, ರೇಟ್ ಕೇಳಿದೆ."

ಆತ ನಗಲಿಲ್ಲ, ಅದಕ್ಕೇ ಅವಳಿಗೆ ಭಯವಾಯಿತು. "ನೀವು ರೇಟ್ ಕೇಳಿದ್ರಿ, ಅವರು ನಿಮ್ಮ ಅರ್ಜಿ ಹಾಕಿದ್ರು. ಒಂದೊಂದು ಸೈನ್‌ಗೂ ನಿಮ್ಮ ಸಾಲದ ಇತಿಹಾಸದ ರಿಪೋರ್ಟ್ ತರಿಸಿದಾರೆ. ತರಿಸಿದಾಗೆಲ್ಲ ನಾಲ್ಕೋ ಎಂಟೋ ಅಂಕ ಇಳಿಯುತ್ತೆ. ಒಂದೆರಡಾದ್ರೆ ಯಾರೂ ತಲೆ ಕೆಡಿಸ್ಕೊಳ್ಳಲ್ಲ. ಒಂದೇ ಥರದ ಸಾಲಕ್ಕೆ ಹತ್ತು ಹದಿನೈದು ದಿನದೊಳಗೆ ವಿಚಾರಿಸಿದ್ರೆ ಕೆಲವರು ಎಲ್ಲಾ ಸೇರಿಸಿ ಒಂದೇ ಅಂತ ಹಿಡೀತಾರೆ. ನೀವು ಎರಡು ತಿಂಗಳು, ಮೂರು ಥರದ ಸಾಲ. ಈಯಮ್ಮನಿಗೆ ದುಡ್ಡಿನ ತಾಪತ್ರಯ, ಎಲ್ಲಿ ಸಿಕ್ಕಿದ್ರೂ ಸರಿ ಅಂತ ಓಡಾಡ್ತಿದಾರೆ ಅಂತ ಕಂಪ್ಯೂಟರ್ ತಿಳ್ಕೊಳ್ಳುತ್ತೆ. ಈಗ ನಿಮ್ಮ ಸ್ಕೋರ್ ಏಳುನೂರ ಒಂಬತ್ತು. ನಮ್ಮಲ್ಲಿ ಈ ಸಾಲಕ್ಕೆ ಏಳುನೂರ ನಲವತ್ತು ಬೇಕು."

ಅಕ್ಕ ಚೀಟಿಯನ್ನು ಮುದುರಿ ಚೀಲಕ್ಕೆ ತುರುಕಿದಳು. ಅಲ್ಲಿಂದ ನೇರ, ಒಂಬತ್ತರಲ್ಲಿ ಕಡಿಮೆ ಬಡ್ಡಿ ಹೇಳಿದ್ದ ಮೂರನೆಯವರ ಬಳಿಗೆ ಓಡಿದರೆ ಅವರೂ ಬಡ್ಡಿ ಎರಡು ಪರ್ಸೆಂಟ್ ಏರಿಸಿ ಕೂತಿದ್ದರು. ಆ ಕಂತು ಅವಳ ಸಂಪಾದನೆಗೆ ಎಟುಕುವಂತಿರಲಿಲ್ಲ. ಮರುದಿನ ಬೆಳಗ್ಗೆ ಬ್ಯಾಂಕಿನ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತಳು. ಜಗಮೊಂಡಿ ಹೆಂಗಸು, ಅಷ್ಟಕ್ಕೆಲ್ಲ ಕೈಚೆಲ್ಲುತ್ತಾಳೆಯೇ?

"ಸಾರ್, ಇಳಿದಿದ್ದು ಹತ್ತೋದಿಲ್ವಾ?"

"ಹತ್ತುತ್ತೆ. ಎರಡು ವರ್ಷ ರಿಪೋರ್ಟಿನಲ್ಲಿ ಕಾಣ್ತಾ ಇರುತ್ತೆ, ಆದ್ರೆ ಹಳೇದಾದಷ್ಟೂ ಅದರ ಭಾರ ಕಡಿಮೆ. ಆರು ತಿಂಗಳು ಎಲ್ಲೂ ಸೈನ್ ಹಾಕ್ಬೇಡಿ. ಕಾರ್ಡು ಬೇಡ, ಕಂತಿನಲ್ಲಿ ಫ್ರಿಜ್ಜು ಬೇಡ, ಯಾರ ಜೊತೆಗೂ ಸೇರಿ ಅರ್ಜಿ ಬೇಡ. ಮಷಿನ್ ಕಂತು ಮಾತ್ರ ತಪ್ಪಿಸ್ಬೇಡಿ."

ಬೆರಳು ಮಡಚಿ ಎಣಿಸಿದಳು. ಮಾಲೀಕರ ಒಂಬತ್ತು ತಿಂಗಳಲ್ಲಿ ಎರಡು ಮುಗಿದಿತ್ತು. ಆರು ಕಾದರೆ ಒಂದು ಉಳಿಯುತ್ತದೆ. ಸಾಕು, ಮಾಡೇ ಮಾಡುತ್ತೇನೆ ಎಂದುಕೊಂಡಳು.

ಸುಮ್ಮನಿರುವುದು ಅವಳಿಗೆ ಗೊತ್ತಿಲ್ಲದ ವಿದ್ಯೆ. ಸ್ಕೋರ್ ಎಷ್ಟಾಯಿತೋ ಎಂದು ಜೀವ ಒದ್ದಾಡುತ್ತಿತ್ತು, ಆದರೆ ನೋಡಿದರೆ ಇನ್ನಷ್ಟು ಇಳಿದೀತೆಂದು ಎರಡು ತಿಂಗಳು ನೋಡಲೇ ಇಲ್ಲ. ಕೊನೆಗೆ ತಾಳಲಾರದೆ ಅಧಿಕಾರಿಗೆ ಫೋನ್ ಮಾಡಿದಾಗ ಆತ ಮೊದಲ ಸಲ ಗಟ್ಟಿಯಾಗಿ ನಕ್ಕ. "ನಿಮ್ಮದನ್ನ ನೀವು ದಿನಕ್ಕೆ ಹತ್ತು ಸಲ ನೋಡಿ ಅಮ್ಮಾ, ಒಂದಂಕವೂ ಇಳಿಯಲ್ಲ. ಸಾಲ ಕೊಡೋವರು ನೋಡಿದ್ರೆ ಮಾತ್ರ ಲೆಕ್ಕ." ನೋಡಿದಳು: ಏಳುನೂರ ಹದಿನೆಂಟು. ಆ ದಿನ ಬಂದ ಗಿರಾಕಿಗೆಲ್ಲ ಕೇಳದೆಯೇ ಹತ್ತು ಪರ್ಸೆಂಟ್ ಬಿಟ್ಟಳು.

ಕಾಯತೊಡಗಿದ ನಾಲ್ಕನೇ ತಿಂಗಳು ತಂಗಿ ಬಂದಳು. ಊರಿನ ಆ ತುದಿಯ ಆಸ್ಪತ್ರೆಯಲ್ಲಿ ಹೊಸದಾಗಿ ನರ್ಸ್ ಕೆಲಸ ಸಿಕ್ಕಿತ್ತು. ಆರು ಗಂಟೆಯ ಪಾಳಿಗೆ ಬಸ್ಸು ಇರಲಿಲ್ಲ.

"ಸ್ಕೂಟರ್ ತಗೋತಿದೀನಿ ಅಕ್ಕ. ನಂದು ಹೊಸ ಕೆಲಸ ಅಲ್ವಾ, ಜೊತೆಗೆ ನೀನೊಂದು ಸೈನ್ ಹಾಕಿದ್ರೆ ಕಡಿಮೆ ಬಡ್ಡಿಗೆ ಕೊಡ್ತಾರಂತೆ."

ಅಕ್ಕನ ಕೈಯಲ್ಲಿದ್ದ ಸುತ್ತಿಗೆ ಹಾಗೇ ನಿಂತಿತು. "ಈಗ ಬೇಡ ಕಣೆ. ನನ್ನ ರಿಪೋರ್ಟೂ ತೆಗೀತಾರೆ. ಸ್ಕೋರ್ ಮತ್ತೆ ಇಳಿಯುತ್ತೆ, ಅಂಗಡಿ ಸಾಲ ಸಿಗಲ್ಲ."

"ಒಂದು ಸೈನ್ ಅಕ್ಕಾ! ನಿನ್ನ ಕಿಡ್ನಿ ಕೇಳ್ತಿದೀನಾ? ಎಷ್ಟು ಇಳಿಯುತ್ತೆ?"

"ಹೆಚ್ಚು ಅಂದ್ರೆ ಎಂಟು."

"ಎಂಟು ಅಂಕ! ನಾನು ನಿನಗೆ ಎಂಟು ಅಂಕಕ್ಕೂ ಬಾಳಲ್ವಾ?"

"ಎರಡು ತಿಂಗಳು ತಡಿ, ನೀನು ತೋರಿಸಿದ ಕಡೆಯೆಲ್ಲ ಹಾಕ್ತೀನಿ."

"ನಿನ್ನ ಎರಡು ತಿಂಗಳು ನೀನೇ ಇಟ್ಕೋ" ಎಂದು ಕಡ್ಡಿ ಮುರಿದಂತೆ ಹೇಳಿ ತಂಗಿ ಹೊರಟುಹೋದಳು. ಅಕ್ಕ ಸೋಫಾದ ಮೇಲೆ ಕೂತು ಗೊಳೋ ಎಂದು ಅತ್ತಳು. ಹುಟ್ಟಿದಾಗಿನಿಂದ ಆ ಹುಡುಗಿಗೆ ಇಲ್ಲವೆಂದು ಹೇಳಿದ್ದು ಅದೇ ಮೊದಲು. ಎರಡು ಸಲ ಫೋನ್ ಕೈಗೆತ್ತಿಕೊಂಡು, ಬಾ ಹಾಕ್ತೀನಿ ಎನ್ನಲು ಹೊರಟು, ಎರಡು ಸಲವೂ ಕೆಳಗಿಟ್ಟಳು. ತಂಗಿ ಒಬ್ಬಳೇ ಹೆಚ್ಚು ಬಡ್ಡಿಗೆ ಸ್ಕೂಟರ್ ಕೊಂಡಳೆಂದು ಆಮೇಲೆ ಬೇರೆಯವರಿಂದ ತಿಳಿಯಿತು.

ಆರು ತಿಂಗಳು ತುಂಬಿದ ಮರುದಿನ ಅಕ್ಕ ಬ್ಯಾಂಕಿನಲ್ಲಿದ್ದಳು. ಅಧಿಕಾರಿ ಕನ್ನಡಕ ಕೆಳಗಿಳಿಸಿ ಪರದೆ ನೋಡಿದ.

"ಏಳುನೂರ ನಲವತ್ಮೂರು. ಬಂದುಬಿಟ್ರಿ ಅಮ್ಮಾ."

ಮೂರು ಅಂಕ ಹೆಚ್ಚು. ಸ್ಕೂಟರಿನ ಅರ್ಜಿಗೆ ಸಹಿ ಹಾಕಿದ್ದರೆ ಇವತ್ತು ಬರಿಗೈಯಲ್ಲಿ ಹೋಗಬೇಕಿತ್ತು. ಉಸಿರು ಬಿಡುವಷ್ಟರಲ್ಲಿ ಆತ ಇನ್ನೊಂದು ಕಾಗದ ತಳ್ಳಿದ. "ನಿಮ್ಮದು ಸ್ವಂತ ಕಸುಬು, ಅದಕ್ಕೆ ತಿಂಗಳ ಸಂಬಳದವರು ಒಬ್ಬರು ಜಾಮೀನು ನಿಲ್ಲಬೇಕು. ಮೊದಲೇ ಹೇಳ್ಬೇಕಿತ್ತು, ಮರೆತೆ."

ಅಯ್ಯೋ ಪುಣ್ಯಾತ್ಮ, ಇದನ್ನು ಮರೆಯುವುದೇ! ಅಕ್ಕನಿಗೆ ಗೊತ್ತಿದ್ದವರೆಲ್ಲ ಬಡಗಿ, ಬಟ್ಟೆಯವರು, ಸ್ಪಂಜಿನವರು. ತಿಂಗಳಿಗೊಮ್ಮೆ ಸಂಬಳ ಎಣಿಸುವವಳು ಅವಳ ಪಾಲಿಗೆ ಲೋಕದಲ್ಲಿ ಒಬ್ಬಳೇ.

ಏಳೇಳು ಅಂಗಡಿ ಮೆಟ್ಟಿಲನ್ನು ನಾಚಿಕೆಯಿಲ್ಲದೆ ಹತ್ತಿದ್ದವಳಿಗೆ ಆ ಸಂಜೆ ತಂಗಿಯ ಮನೆಯ ಮೂರು ಮೆಟ್ಟಿಲು ಹತ್ತುವುದು ಕಷ್ಟವಾಯಿತು. ತಂಗಿ ಬಾಗಿಲು ತೆಗೆದಳು, ಒಳಗೆ ಬಾ ಎನ್ನಲಿಲ್ಲ. ಅಕ್ಕ ಹೊಸ್ತಿಲಾಚೆಯಿಂದಲೇ ಎಲ್ಲ ಹೇಳಿದಳು. ಅಡ್ಡಮಾತಿಲ್ಲ, ಬೆಣ್ಣೆ ಹಚ್ಚುವ ಮಾತಿಲ್ಲ.

"ನಿನಗೆ ಇಲ್ಲ ಅಂದೋಳು ಈಗ ಕೇಳೋಕೆ ಬಂದಿದೀನಿ. ನೀನು ಆಗಲ್ಲ ಅಂದ್ರೂ ನನಗೆ ಬಾಯಿಲ್ಲ. ಅಂಗಡಿ ಮೊಬೈಲ್‌ನವನಿಗೆ ಹೋಗುತ್ತೆ, ಅಷ್ಟೇ."

ತಂಗಿಯ ಗಂಟುಮುಖ ಸಡಿಲವಾಗಲಿಲ್ಲ. "ಕಾಗದಕ್ಕೆ ಏನೇನು ಬೇಕು, ಹೇಳು" ಎಂದಳು.

ಮರುದಿನ ಪಾಳಿ ಮುಗಿಸಿ ಸ್ಕೂಟರಿನಲ್ಲೇ ಬ್ಯಾಂಕಿಗೆ ಬಂದಳು. ಅಧಿಕಾರಿ ಕಾಗದ ಮುಂದಿಟ್ಟು, "ನಿಮ್ಮ ರಿಪೋರ್ಟೂ ತರಿಸ್ತೀವಮ್ಮಾ, ನಿಮ್ಮ ಸ್ಕೋರ್ ಸ್ವಲ್ಪ ಇಳಿಯುತ್ತೆ" ಎಂದ.

"ಗೊತ್ತು ಸಾರ್" ಎಂದಳು ತಂಗಿ, ಪೆನ್ನಿನ ಮುಚ್ಚಳ ತೆಗೆಯುತ್ತ. "ಹೆಚ್ಚು ಅಂದ್ರೆ ಎಂಟು." ಸಹಿ ಹಾಕಿದಳು.

ಅಕ್ಕನ ಕಣ್ಣು ಮಂಜಾಯಿತು. ತನ್ನ ಸಹಿ ಎಲ್ಲಿ ಹಾಕಬೇಕೆಂದು ಅಧಿಕಾರಿ ಎರಡೆರಡು ಸಲ ಬೆರಳಿಟ್ಟು ತೋರಿಸಬೇಕಾಯಿತು. ಹೊರಗೆ ಬಂದು ಸ್ಕೂಟರಿನ ಪಕ್ಕ ನಿಂತಾಗ ತಂಗಿ ಹೆಲ್ಮೆಟ್ ಹಾಕಿಕೊಳ್ಳುತ್ತ ಹೇಳಿದಳು: "ಸೈನ್ ಹಾಕಿದೆ ಅಂತ ಸಿಟ್ಟು ಹೋಯ್ತು ಅಂದ್ಕೋಬೇಡ. ಈ ಸ್ಕೂಟರ್ ಕಂತು ಮುಗಿಯೋವರೆಗೂ ಇರುತ್ತೆ."

"ಇರ್ಲಿ ಬಿಡೆ" ಎಂದಳು ಅಕ್ಕ, ಸೆರಗಿನಲ್ಲಿ ಮೂಗೊರೆಸಿಕೊಂಡು. "ದಿನಾ ಬಂದು ಬೈದು ಹೋಗು. ಅಂಗಡಿ ಇನ್ನು ಎಲ್ಲೂ ಹೋಗಲ್ಲ."