ಒಂದೂವರೆ ಇಂಚು

ನಮ್ಮ ಕಂಪ್ಯೂಟರ್ ಸರ್ ಅವರ ಹುಬ್ಬಿನ ಮೇಲೆ ಸದಾ ಬೂದುಬಣ್ಣದ ಕಲ್ಲಿನ ಪುಡಿ ಕೂತಿರುತ್ತಿತ್ತು. ಶಹಾಬಾದಿನಲ್ಲಿ ಅವರ ತರಬೇತಿ ಕೋಣೆಯ ಪಕ್ಕದಲ್ಲೇ ಕಲ್ಲು ಕೊಯ್ಯುವ ಯಂತ್ರಗಳಿದ್ದವು. ಪಾಠದ ನಡುವೆ ಕೀಬೋರ್ಡ್ ಊದಿ, ಕನ್ನಡಕ ಒರೆಸಿಕೊಂಡು ಮುಂದುವರಿಸುತ್ತಿದ್ದರು.

ಅವರು ವಾಡಿಯ ನಮ್ಮ ಮನೆಗೆ ಮೊದಲ ಸಲ ಬಂದದ್ದು ಅವ್ವನ ಕಾಲು ಮುರಿದ ವಾರ. ಅಡುಗೆಮನೆಯ ಅಟ್ಟಕ್ಕೆ ಹಾಸಿದ್ದ ಹೊಸ ಕಲ್ಲು ಜೋಳದ ಚೀಲಗಳ ಭಾರಕ್ಕೆ ಮುರಿದು ಅವಳ ಪಾದದ ಮೇಲೆ ಬಿದ್ದಿತ್ತು. ಅಪ್ಪ ಹೇಳಿದ್ದು ಒಂದೂವರೆ ಇಂಚು ದಪ್ಪದ ಕಲ್ಲು. ಭಂಕೂರಿನ ಕಾರ್ಖಾನೆಯಿಂದ ಬಂದದ್ದು ಒಂದು ಇಂಚಿನದು. ಕಲ್ಲು ಕೊಯ್ದವನನ್ನು ಮಾಲೀಕರು ಕೆಲಸದಿಂದ ತೆಗೆಯುವವರಿದ್ದರು. ಆ ಕಾರ್ಖಾನೆಗೆ ಆರ್ಡರ್ ದಾಖಲಿಸುವ ಪ್ರೋಗ್ರಾಂ ಬರೆದುಕೊಟ್ಟಿದ್ದ ಸರ್, ಸುದ್ದಿ ಕೇಳಿ ಅದನ್ನು ತೆರೆದು ನೋಡಿದರು. ಮಾಲೀಕರಿಗೆ ಹೇಳಿ ಅವನ ಕೆಲಸ ಉಳಿಸಿ, ನೇರ ನಮ್ಮ ಮನೆಗೆ ಬಂದರು.

ಬಾಗಿಲಲ್ಲೇ ನಿಂತು ಅವ್ವನಿಗೆ ಹೇಳಿದರು: "ಅಕ್ಕಾ, ಕಲ್ಲು ಕೊಯ್ದಾಂವಂದು ತಪ್ಪಿಲ್ಲರಿ. ನಂದದ. ದಪ್ಪ ಬರಿಯೋ ಜಾಗಾಕ್ಕ ನಾ ಬರೀ ಪೂರ್ಣಾಂಕ ಅಂತ ಇಟ್ಟಿದ್ದೆ. ಒಂದೂವರಿ ಬರದ್ರ, ಅದು ಅರ್ಧ ಬಿಟ್ಟು ಒಂದೇ ಇಟ್ಕೊಂಡದ."

ಅವ್ವ ಏನೂ ಅನ್ನಲಿಲ್ಲ. ಸರ್ ನನ್ನ ಕಡೆ ನೋಡಿ, "ಈಕಿನ್ನ ನನ್ನ ಕಡಿ ಕಳಸ್ರಿ, ಕಲಸ್ತೀನಿ" ಎಂದರು.

ನಾನು ದಿನಾ ರೈಲಿನಲ್ಲಿ ಶಹಾಬಾದಿಗೆ ಹೋಗತೊಡಗಿದೆ. ಪ್ರೋಗ್ರಾಂನಲ್ಲಿ ಬೆಲೆ ಇಡುವ ಒಂದು ಜಾಗಕ್ಕೆ, ಅಂದರೆ ವೇರಿಯಬಲ್ಲಿಗೆ, ಹೆಸರಿಟ್ಟರೂ ಸರ್ ತಡೆಯುತ್ತಿದ್ದರು. "ಇದು ಎಣಸೂದೋ, ಅಳಿಯೂದೋ? ಮಂದಿ ಅರ್ಧ ಇರಂಗಿಲ್ಲ, ಪೂರ್ಣಾಂಕ ಸಾಕು. ತೂಕಕ್ಕ ದಶಾಂಶ ಬೇಕು." ಫೋನ್ ನಂಬರನ್ನು ನಾನು ಸಂಖ್ಯೆಯೆಂದು ಬರೆದಾಗ, "ಅದನ್ನ ಕೂಡಸ್ತೀಯೇನು? ಇಲ್ಲಂದ್ರ ಅಕ್ಷರದಂಗ ಇಡು. ಸುರುವಿನ ಸೊನ್ನಿ ಉಳೀತದ" ಎಂದರು.

ಮತ್ತೆ ಯಾರಿಗೂ ಅವರು ಪ್ರೋಗ್ರಾಂ ಬರೆದುಕೊಡಲಿಲ್ಲ. ಹಬ್ಬಕ್ಕೆ ನಮ್ಮ ಮನೆಗೆ ಬಂದಾಗ, ಅವ್ವ ಕುಂಟುತ್ತ ಚಹಾ ತಂದರೆ ಎದ್ದು ನಿಲ್ಲುತ್ತಿದ್ದರು. ಕಲಬುರಗಿಯ ಆಸ್ಪತ್ರೆಯೊಂದರಲ್ಲಿ ನನಗೆ ಪ್ರೋಗ್ರಾಂ ಬರೆಯುವ ಕೆಲಸ ಸಿಕ್ಕಿತೆಂದು ಹೇಳಿದಾಗ ನಕ್ಕರು. ಆಮೇಲೆ ಅವ್ವನ ಕಾಲು ನೋಡಿ ತಲೆ ತಗ್ಗಿಸಿದರು. ನಾನೂ ತಗ್ಗಿಸಿದೆ. ಆ ಕಲ್ಲು ಬೀಳದಿದ್ದರೆ ನನಗೆ ಆ ಕೆಲಸ ಸಿಗುತ್ತಿರಲಿಲ್ಲ.

ಹೋದ ವರ್ಷ ಸರ್ ತೀರಿಕೊಂಡರು. ಅವರನ್ನು ಮಣ್ಣು ಮಾಡಿ ಬರುವಾಗ ಸ್ಟೇಷನ್ನಿನ ಬೆಂಚಿನ ಮೇಲೆ ಅವ್ವ ಕಾಲು ನೀಡಿ ಕೂತಳು.

"ಒಮ್ಮೆರೆ ಹೇಳಬೇಕಿತ್ತು," ಎಂದಳು. "ನನ್ನ ಮನಸಿನ್ಯಾಗ ಏನಿಲ್ಲ ಸರ್, ಬಿಡ್ರಿ ಅಂತ."

"ಮತ್ತ ಯಾಕ ಹೇಳಲಿಲ್ಲವ್ವ?"

"ಹೇಳಿದ್ರ ನಿನಗ ಕಲಸೂದು ಬಿಡ್ತಾರೇನೋ ಅಂತ ಅಂಜಿದ್ದೆ."

ಅವರು ಬಿಡುತ್ತಿರಲಿಲ್ಲ ಎನ್ನಲು ಹೊರಟೆ. ಅಷ್ಟರಲ್ಲಿ ಅವಳ ಕಾಲು ಕಣ್ಣಿಗೆ ಬಿತ್ತು. ಅವಳ ಮೌನದಿಂದ ಲಾಭವಾದದ್ದು ನನಗೊಬ್ಬಳಿಗೇ.