ಬಸಣ್ಣನ ಚೀನೀ ಕಲ್ಲುಗಳು

ಬಸಣ್ಣ ಕಲ್ಲನ್ನು ಮೊದಲು ನೆಕ್ಕಿ ನೋಡುತ್ತಿದ್ದರು, ಆಮೇಲೆ ಕಣ್ಣಿಗೆ ಹಿಡಿಯುತ್ತಿದ್ದರು. "ಹುಳಿ ಹತ್ತಿದ್ರ ಆಸಿಡ್ ಹಾಕಿ ಮುದಿ ಮಾಡ್ಯಾರಂತ ತಿಳೀರಿ ಸರ" ಎನ್ನುವರು. ಊರು ಇಳಕಲ್. ದುಬೈಯಲ್ಲಿ ಒಂದು ಗ್ರಾನೈಟ್ ಯಾರ್ಡಿನ ಪಾಲಿಶ್ ಮೇಸ್ತ್ರಿ. ಕಲ್ಲಿನ ಕಂಟೇನರು ತರಿಸುವ ಚೀನೀ ವ್ಯಾಪಾರಿಗಳಿಂದ ಹಳೆಯ ಕೆತ್ತನೆಗಳನ್ನು ಕೊಂಡು, ಅಲ್ ಮುರಕ್ಕಬಾತ್‌ನ ರೂಮಿನಲ್ಲಿ ಮಂಚದ ಕೆಳಗೆ ಜೋಡಿಸಿದ್ದರು. ಮೂಗಿಲ್ಲದ ಸಿಂಹ, ಬುದ್ಧನ ಒಂದು ಕೈ, ಅರ್ಧ ಆಮೆ.

"ಎಂತ ಬಸಣ್ಣ, ಮೆಸ್ಸಿನ ಊಟ ಸಾಕಾಗ್ಲಿಲ್ವಾ?" ಎಂದು ಅವರು ಕಲ್ಲು ನೆಕ್ಕಿದಾಗಲೆಲ್ಲ ರೂಮಿನಲ್ಲಿ ಜೊತೆಗಿದ್ದ ಉಳ್ಳಾಲದ ಹಮೀದ್ ಕೆಣಕುತ್ತಿದ್ದ.

ನಾನು ಪುರಾತತ್ವದಲ್ಲಿ ಎಂ.ಎ. ಮಾಡಿ ಕಾರ್ಗೋ ಆಫೀಸಿನಲ್ಲಿ ಕೂತವನು. ಶುಕ್ರವಾರ ಅವರು ಹೊಸ ಕಲ್ಲು ಮುಂದಿಡುವರು, ನಾನು ನಕಲಿ ಎನ್ನುವೆ. ಹೀಗೆ ಎಂಟಾದವು.

"ಒಂದರ ಖರೇ ಇರಬೇಕಲ್ರೀ. ಮೂವತ್ತು ವರ್ಷ ಮಂದಿ ಮನಿ ಕಲ್ಲಿಗೆ ಹೊಳಪು ಕೊಟ್ಟೀನಿ. ಈ ಬಸ್ಯಾಗೂ ಕಲ್ಲು ತಿಳೀತದ ಅಂತ ಓದಿದವ್ರು ಯಾರರ ಒಬ್ರು ಅನ್ನಬೇಕ್ರಿ."

ಒಂಬತ್ತನೆಯದು ಅಂಗೈಯಗಲದ ಒಂದು ಮುಖ. ಬೂದು ಸುಣ್ಣಕಲ್ಲು. ರೆಪ್ಪೆಯ ಸಂದಿಯಲ್ಲಿ ಗಟ್ಟಿ ಮಣ್ಣು, ಕೆನ್ನೆಯ ಮೇಲೆ ಬೇರು ಹಬ್ಬಿದ ಗುರುತು. ಮೊದಲ ಸಲ ನನಗೆ ನಕಲಿ ಎನ್ನಲಾಗಲಿಲ್ಲ. ಚೀನೀ ಶಿಲ್ಪ ಬಲ್ಲ ನನ್ನ ಹಳೆಯ ಪ್ರೊಫೆಸರ್ ಆ ವಾರ ಅಬುಧಾಬಿಗೆ ಬರುವವರಿದ್ದರು. ಅವರಿಗೆ ತೋರಿಸೋಣವೆಂದು ಬಸಣ್ಣನಿಗೆ ಫೋನ್ ಮಾಡಿದೆ. ಕಲ್ಲನ್ನು ಮುಟ್ಟಬೇಡಿ ಎಂದು ಹೇಳಿದ್ದೆನೆಂದು ನನ್ನ ನೆನಪು. ಮುಖ ಚೆನ್ನಾಗಿ ಕಾಣುವ ಹಾಗೆ ತನ್ನಿ ಎಂದಿದ್ದೆನೆಂದು ಅವರ ನೆನಪು. ನನ್ನದೇ ಸರಿಯೆಂದು ಇಂದು ಆಣೆ ಮಾಡಲಾರೆ.

ಅಬುಧಾಬಿಯ ಹೋಟೆಲಿನ ಲಾಬಿಯಲ್ಲಿ ಬಸಣ್ಣ ಕಲ್ಲು ಸುತ್ತಿದ್ದ ಟವೆಲ್ ಬಿಚ್ಚಿದರು. ಹಿಂದಿನ ದಿನವಿಡೀ ಯಾರ್ಡಿನಲ್ಲಿ ಕೂತು ಉಜ್ಜಿದ್ದರಂತೆ. ಮಣ್ಣಿಲ್ಲ, ಬೇರಿನ ಗುರುತಿಲ್ಲ. ಹಣೆಯಲ್ಲಿ ಲಾಬಿಯ ದೀಪ ಕಾಣುತ್ತಿತ್ತು. ಪ್ರೊಫೆಸರ್ ಬಹಳ ಹೊತ್ತು ತಿರುಗಿಸಿ ನೋಡಿ, "ಕೆತ್ತನೆ ಹಳೆಯದಿರಬಹುದು. ಆದರೆ ಮೇಲ್ಮೈಯೇ ಸಾಕ್ಷಿ, ಅದೇ ಹೋಗಿದೆ. ಇನ್ನು ಯಾರೂ ಹೇಳಲಾರರು" ಎಂದರು.

"ಹಿರ್ಯಾರ ಮುಂದ ಹೋಗೂವಾಗ ಮಾರಿ ತೊಳಕೊಂಡು ಹೋಗಬಾರದೇನ್ರೀ?" ಬಸಣ್ಣ ಕೇಳಿದ್ದು ಪ್ರೊಫೆಸರರನ್ನಲ್ಲ, ನನ್ನನ್ನು.

ವಾಪಸ್ ಬಸ್ಸಿನಲ್ಲಿ ಕಲ್ಲು ಅವರ ತೊಡೆಯ ಮೇಲಿತ್ತು. ಜೆಬೆಲ್ ಅಲಿ ದಾಟುವಾಗ "ಖಲಾಸ್, ಬಿಡ್ರೀ ಸರ" ಎಂದರು. ಬೈಯಲಿಲ್ಲ. ಬೈದಿದ್ದರೆ ಫೋನಿನಲ್ಲಿ ನಾನು ಹೇಳಿದ್ದೇನೆಂದು ಅಂದೇ ಜಗಳವಾಡಿ ತೀರಿಸಿಕೊಳ್ಳಬಹುದಿತ್ತು.

ಎರಡು ವರ್ಷದ ಮೇಲೆ ವೀಸಾ ಮುಗಿಸಿ ಊರಿಗೆ ಹೊರಟರು. ಎಂಟು ಕಲ್ಲು ಹಮೀದನ ಪಾಲಾದವು. ಮುಖವೊಂದೇ ಕೈಚೀಲದಲ್ಲಿ. ಬೀಳ್ಕೊಡಲು ನಾನೂ ಹೋಗಿದ್ದೆ. ವಿಮಾನ ನಿಲ್ದಾಣದ ಬಾಗಿಲಲ್ಲಿ ಚೀಲ ತಪಾಸಣೆ ಮಾಡುತ್ತಿದ್ದ ಪೊಲೀಸ್ ಅದನ್ನು ಹೊರತೆಗೆಸಿ, ಹಳೇ ಕಾಲದ್ದೇ ಎಂದು ಹಿಂದಿಯಲ್ಲಿ ಕೇಳಿದ. ಹಳೆಯದಾದರೆ ಕಾಗದಪತ್ರವಿಲ್ಲದೆ ದೇಶದಾಚೆ ಒಯ್ಯುವಂತಿರಲಿಲ್ಲ. ಬಸಣ್ಣ ಹೆಬ್ಬೆರಳಿನಿಂದ ಆ ಕೆನ್ನೆಯನ್ನೊಮ್ಮೆ ಒರೆಸಿದರು.

"ಮಾಫಿ ಪುರಾನಾ, ಸಾಬ್. ಮೇರಾ ಕಾಮ್ ಹೈ." ಮಾಫಿ ಎಂದರೆ ಅಲ್ಲಿಯ ಅರಬ್ಬಿಯಲ್ಲಿ ಇಲ್ಲ; ಹಳೆಯದಲ್ಲ, ತನ್ನದೇ ಕೆಲಸ ಎಂದರು.

ಪೊಲೀಸ್ ಕೈಬೀಸಿ ಬಿಟ್ಟ. ಅವರು ಕಲ್ಲನ್ನು ಚೀಲಕ್ಕೆ ಹಾಕಿಕೊಂಡು, ನನ್ನತ್ತ ತಿರುಗದೆ ಒಳಗೆ ಹೋದರು.